ಆರ್‌ಒ ರಿಪೇರಿಯವನು ಬೆಂಗಳೂರಲ್ಲಿ ಬಿಯರ್ ಹುಡುಕುವ ಬಗೆ

ಒಳ್ಳೆ ಬಿಯರ್ ಎಲ್ಲಿ ಸಿಗುತ್ತದೆ ಅಂತ ಕೇಳಿದರೆ ಎಲ್ಲರೂ ಮೊಬೈಲ್ ತೆಗೆದು ಸ್ಟಾರ್ ಎಣಿಸುತ್ತಾರೆ. ನಾನು ಗ್ಲಾಸ್ ನೋಡುತ್ತೇನೆ. ಬಿಯರ್ ಸುರಿದ ಮೇಲೆ ಗ್ಲಾಸಿನ ಒಳಗೋಡೆಗೆ ಗುಳ್ಳೆ ಅಂಟಿಕೊಂಡು ನಿಂತಿದ್ದರೆ ಅದನ್ನು ಸರಿಯಾಗಿ ತೊಳೆದಿಲ್ಲ ಅಂತ ಅರ್ಥ. ಎಣ್ಣೆ ಜಿಡ್ಡೋ ಸೋಪಿನ ಪುಡಿಯೋ, ಏನೋ ಉಳಿದಿದೆ. ಚೊಕ್ಕ ಗ್ಲಾಸಿನಲ್ಲಿ ಗುಳ್ಳೆ ಎಲ್ಲೂ ನಿಲ್ಲದೆ ಮೇಲೆ ಹೋಗುತ್ತದೆ. ಕುಡಿಯುತ್ತಾ ಹೋದ ಹಾಗೆ ನೊರೆ ಒಂದರ ಕೆಳಗೊಂದು ಗೆರೆ ಬಿಟ್ಟು ಇಳಿಯುತ್ತದೆ. ಗ್ಲಾಸ್ ತೊಳೆಯದವರು ಬಿಯರ್ ಬರುವ ಪೈಪ್ ತೊಳೆದಿರುತ್ತಾರೆ ಅಂತ ನಂಬಲು ನನಗೆ ಆಗುವುದಿಲ್ಲ.

ನನ್ನ ಕೆಲಸವೇ ಅಂಥದ್ದು. ಕಲಬುರಗಿಯಲ್ಲಿ ಕುಡಿಯುವ ನೀರಿನ ಆರ್‌ಒ ಫಿಲ್ಟರ್ ಕೂಡಿಸುವುದು, ರಿಪೇರಿ ಮಾಡುವುದು. ದಿನವಿಡೀ ಪೈಪು, ನೀರು ಸೋಸುವ ಮೆಂಬ್ರೇನು, ಲೋಳೆ, ಬಿಳಿ ಪದರ. ನಮ್ಮ ಸೇಡಂ, ವಾಡಿ, ಶಹಾಬಾದ್ ಕಡೆ ನೆಲದ ತುಂಬ ಸುಣ್ಣದ ಕಲ್ಲು. ಅದಕ್ಕೇ ಅಲ್ಲಿ ಸಿಮೆಂಟ್ ಫ್ಯಾಕ್ಟರಿಗಳು. ಅದಕ್ಕೇ ನಮ್ಮ ಮನೆಗಳಿಗೆ ಶಹಾಬಾದ್ ಫರಸಿ. ಅದಕ್ಕೇ ಬೋರ್‌ವೆಲ್ ನೀರು ಗಡುಸು. ಅದಕ್ಕೇ ನನಗೆ ಕೆಲಸ.

ಊರಲ್ಲಿ ನಾವು ಕುಡಿಯುವುದು 650 ಎಂಎಲ್ ಬಾಟಲಿಯ ಸ್ಟ್ರಾಂಗ್. ಲೇಬಲ್ ಮೇಲೆ ಆಲ್ಕೋಹಾಲ್ 8 ಪರ್ಸೆಂಟ್‌ವರೆಗೆ ಅಂತ ಬರೆದಿರುತ್ತದೆ. ಮೇ ತಿಂಗಳ ಬಿಸಿಲಿಗೆ ಬಾಟಲಿ ಎಷ್ಟು ತಣ್ಣಗಿದೆ ಅನ್ನುವುದೇ ರುಚಿ. ಅದರ ಮೇಲೆ ನನಗೆ ಸಿಟ್ಟೇನೂ ಇಲ್ಲ. ಆದರೆ ತುಂಬಾ ತಣ್ಣಗಿದ್ದರೆ ನಾಲಿಗೆಗೆ ಏನೂ ತಿಳಿಯುವುದಿಲ್ಲ. ಅದು ಆ ಬಿಯರಿಗೂ ಒಳ್ಳೆಯದೇ ಬಿಡಿ.

ಬೇರೆ ರುಚಿ ಬೇಕು ಅನಿಸಿದಾಗ ರೈಲು ಹತ್ತಬೇಕು. ನಮ್ಮಿಂದ ಹೈದರಾಬಾದ್ ಹತ್ತಿರ. ಪುಣೆ ಕೂಡ ಬೆಂಗಳೂರಿಗಿಂತ ಹತ್ತಿರವೇ. ಬಿಯರನ್ನು ಅಲ್ಲೇ ಮಾಡಿ ಅಲ್ಲೇ ಕುಡಿಯಲು ಕೊಡುವ ಜಾಗಕ್ಕೆ ಮೈಕ್ರೊಬ್ರೂವರಿ ಅಂತಾರೆ; ದೇಶದ ಮೊದಮೊದಲ ಮೈಕ್ರೊಬ್ರೂವರಿಗಳಲ್ಲಿ ಒಂದಾದ ಡೂಲಲಿ 2009ರಲ್ಲಿ ಶುರುವಾಗಿದ್ದು ಪುಣೆಯಲ್ಲೇ. ಆದರೂ ನಾನು ಬೆಂಗಳೂರಿಗೇ ಹೋಗುತ್ತೇನೆ. ಕೆ.ಆರ್. ಪುರದಲ್ಲಿ ಅಕ್ಕನ ಮಗನ, ಅಂದರೆ ನನ್ನ ಸೋದರಳಿಯನ, ರೂಮ್ ಇದೆ, ಲಾಡ್ಜ್ ಖರ್ಚು ಉಳಿಯುತ್ತದೆ. ದೊಡ್ಡ ಕಾರಣ ಅದೇ. (ಅಕ್ಕನಿಗೆ ಇದನ್ನು ಯಾರೂ ಓದಿ ಹೇಳಬೇಡಿ. ನಾವು ಲಾಲ್‌ಬಾಗ್ ನೋಡಲು ಹೋಗುತ್ತೇವೆ ಅಂತ ಅವಳ ನಂಬಿಕೆ.)

ಎರಡನೇ ಕಾರಣ ಮೆಟ್ರೊ. ನೇರಳೆ ಲೈನ್ 2023ರ ಅಕ್ಟೋಬರ್‌ನಿಂದ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ ಪೂರ್ತಿ ಓಡುತ್ತಿದೆ. ನಾನು ಹೋಗುವ ಜಾಗಗಳೆಲ್ಲ ಅದೇ ಒಂದು ಲೈನ್ ಹಿಡಿದು ಇವೆ. ಕುಡಿದು ಗಾಡಿ ಓಡಿಸುವ ಮಾತೇ ಬರುವುದಿಲ್ಲ. ಆಟೋದವರ ಜೊತೆ ಜಗಳವೂ ಕಡಿಮೆ.

ಶನಿವಾರ ವಂದೇ ಭಾರತ್ ಹಿಡಿದರೆ ಸರಿ. 2024ರ ಮಾರ್ಚ್‌ನಲ್ಲಿ ಶುರುವಾದ ರೈಲು ಅದು. ಬೆಳ್ಳಂಬೆಳಿಗ್ಗೆ ಕಲಬುರಗಿ ಬಿಟ್ಟು ಮಧ್ಯಾಹ್ನ ಎರಡರ ಆಸುಪಾಸಿಗೆ ಬೈಯಪ್ಪನಹಳ್ಳಿಯ ವಿಶ್ವೇಶ್ವರಯ್ಯ ಟರ್ಮಿನಲ್‌ಗೆ ತಂದು ಬಿಡುತ್ತದೆ. ಮೊದಲು ಹೊಟ್ಟೆ ತುಂಬ ಊಟ. ಖಾಲಿ ಹೊಟ್ಟೆಯಲ್ಲಿ ರುಚಿ ನೋಡುವವನು ಎರಡನೇ ಗ್ಲಾಸಿಗೆ ಎಲ್ಲವನ್ನೂ ಹೊಗಳಲು ಶುರು ಮಾಡುತ್ತಾನೆ.

ಆಮೇಲೆ ಸೀದಾ ಇಂದಿರಾನಗರ, ನಾಲ್ಕು ಗಂಟೆ ಹೊತ್ತಿಗೆ. ಟೈಮ್ ಮುಖ್ಯ. ಶನಿವಾರ ಎಂಟರ ಮೇಲೆ ಹೋದರೆ ಬಾಗಿಲಲ್ಲಿ ಕ್ಯೂ, ಒಳಗೆ ಡಬ್ ಡಬ್ ಮ್ಯೂಸಿಕ್, ಕೇಳಿದ ಪ್ರಶ್ನೆಗೆ ಉತ್ತರ ಕೊಡಲು ಯಾರಿಗೂ ಪುರಸೊತ್ತಿಲ್ಲ. ನಾಲ್ಕಕ್ಕೆ ಹೋದರೆ ಬಾರ್ ಕೌಂಟರ್ ಎದುರೇ ಸ್ಟೂಲ್ ಸಿಗುತ್ತದೆ. ಟ್ಯಾಪ್ ಕಾಣುತ್ತದೆ. ಹುಡುಗರು ಮಾತಿಗೆ ಸಿಗುತ್ತಾರೆ. ಹೆಚ್ಚಿನವರು ಹಿಂದಿಯಲ್ಲೇ ಶುರು ಮಾಡುತ್ತಾರೆ. ಕಲಬುರಗಿಯವರಿಗೆ ಹಿಂದಿಗೇನು ಬರ, ನಮ್ಮ ದಖ್ಖನಿ ಕೇಳಿ ಅವರೇ ನಗುತ್ತಾರೆ. ನಕ್ಕ ಮೇಲೆ ಖರೇ ಹೇಳುತ್ತಾರೆ.

ಹಂಡ್ರೆಡ್ ಫೀಟ್ ರೋಡಿನ ಟೊಯಿಟ್ 2010ರಲ್ಲಿ ಶುರುವಾದದ್ದು. ಇದು ಎಲ್ಲರಿಗೂ ಗೊತ್ತಿರುವ ಜಾಗ, ನಾನು ಕಂಡು ಹಿಡಿದದ್ದೇನಲ್ಲ. ಆದರೆ ಎಲ್ಲರಿಗೂ ಗೊತ್ತಿರುವುದೇ ಅದರ ಲಾಭ. ಜನ ಜಾಸ್ತಿ ಕುಡಿಯುವ ಕಡೆ ಟ್ಯಾಂಕ್ ಬೇಗ ಖಾಲಿಯಾಗುತ್ತದೆ. ಬೇಗ ಖಾಲಿಯಾದರೆ ಹೊಸದು ಬರುತ್ತದೆ. ಮೂಲೆಯಲ್ಲಿರುವ, ಯಾರಿಗೂ ಗೊತ್ತಿಲ್ಲದ ಪುಟ್ಟ ಜಾಗ ಹುಡುಕುವ ಚಟ ಕೆಲವರಿಗೆ ಇರುತ್ತದೆ. ಊಟದ ವಿಷಯದಲ್ಲಿ ಅದು ಸರಿ ಇರಬಹುದು. ಟ್ಯಾಂಕಿನ ಬಿಯರ್‌ಗೆ ಗಿರಾಕಿ ಬೇಕು.

ಮೊದಲು ಸ್ಯಾಂಪ್ಲರ್ ತೆಗೆದುಕೊಳ್ಳಿ. ಚಿಕ್ಕ ಚಿಕ್ಕ ಗ್ಲಾಸಿನಲ್ಲಿ ಬೇರೆ ಬೇರೆ ಬಿಯರ್. ತಿಳಿಯಿಂದ ಕಪ್ಪಿನ ಕಡೆ ಹೋಗಬೇಕು, ಕಹಿ ಕೊನೆಗೆ. ಟೊಯಿಟ್‌ನಲ್ಲಿ ನಾನು ಬಾಸ್ಮತಿ ಬ್ಲಾಂಡ್‌ನಿಂದ ಶುರು ಮಾಡುತ್ತೇನೆ. ಅಕ್ಕಿ ಸೇರಿಸಿದ ಹಗುರ ಬಿಯರ್. ಆಮೇಲೆ ಟೊಯಿಟ್ ವೈಸ್, ಗೋಧಿಯದು. ಅಳಿಯ ಅದನ್ನು ಮೂಗಿನ ಹತ್ತಿರ ಹಿಡಿದು ಕೇಳಿದ.

"ಮಾಮಾ, ಇದ್ರಾಗ ಬಾಳೆಹಣ್ಣು ಹಾಕ್ಯಾರೇನ್ರಿ?"

"ಇಲ್ಲೋ. ಬಾಳೆಹಣ್ಣೂ ಇಲ್ಲ, ಲವಂಗಾನೂ ಇಲ್ಲ. ಎಲ್ಲಾ ಈಸ್ಟ್ ಮಾಡೋ ಕೆಲಸ."

ಅವನು ನಂಬಲಿಲ್ಲ. ಆದರೆ ಅದು ನಿಜ. ಜರ್ಮನ್ ಗೋಧಿ ಬಿಯರಿಗೆ ಹಾಕುವ ಈಸ್ಟ್ ಹುದುಗುವಾಗ ಬಾಳೆಹಣ್ಣಿನಲ್ಲಿರುವ ವಾಸನೆಯ ವಸ್ತುವನ್ನೇ ತಯಾರಿಸುತ್ತದೆ. ಈ ವಾಸನೆ ದಿನ ಹೋದ ಹಾಗೆ ಮಂಕಾಗುತ್ತದೆ. ಅದಕ್ಕೇ ಗೋಧಿ ಬಿಯರ್ ತಾಜಾ ಇದೆಯೋ ಇಲ್ಲವೋ ಅನ್ನುವುದಕ್ಕೆ ಮೂಗೇ ಸಾಕು.

ಈಗ ಪೈಪಿನ ವಿಷಯ. ಇದು ನನ್ನ ಇಲಾಖೆ, ಸ್ವಲ್ಪ ಎಳೆಯುತ್ತೇನೆ. ಟ್ಯಾಂಕಿನಿಂದ ಟ್ಯಾಪ್‌ವರೆಗೆ ಬಿಯರ್ ಬರುವುದು ಪೈಪಿನಲ್ಲಿ. ಅದರೊಳಗೆ ಈಸ್ಟ್, ಬ್ಯಾಕ್ಟೀರಿಯಾ, ಲೋಳೆ ಕೂರುತ್ತವೆ. ಎರಡು ವಾರಕ್ಕೊಮ್ಮೆ ಕಾಸ್ಟಿಕ್ ಸೋಡಾ ಹಾಕಿ ತೊಳೆಯಬೇಕು ಅನ್ನುವುದು ಈ ಕಸುಬಿನವರು ಒಪ್ಪಿಕೊಂಡ ಲೆಕ್ಕ. ಅದಲ್ಲದೆ ಬಿಯರ್‌ಸ್ಟೋನ್ ಅಂತ ಒಂದು ಗಟ್ಟಿ ಪದರ ಕಟ್ಟುತ್ತದೆ. ಕ್ಯಾಲ್ಸಿಯಂ ಆಕ್ಸಲೇಟ್ ಅದು. ಕಾಸ್ಟಿಕ್‌ಗೆ ಬಗ್ಗುವುದಿಲ್ಲ, ಆಸಿಡ್ಡೇ ಬೇಕು. ಇದನ್ನು ಓದಿದ ದಿನ ನನಗೆ ಏನು ಖುಷಿ ಅಂತೀರಿ! ನಾನು ಮೆಂಬ್ರೇನ್‌ಗೆ ಸಿಟ್ರಿಕ್ ಆಸಿಡ್ ಹಾಕಿ ಕೂರುವುದೂ ಬ್ರೂವರಿಯವರು ಮಾಡುವುದೂ ಹೆಚ್ಚುಕಡಿಮೆ ಒಂದೇ ಕೆಲಸ. ಅವರಿಗೆ ಸಂಬಳ ಜಾಸ್ತಿ, ಅಷ್ಟೆ.

ಪೈಪ್ ಕೊಳಕಾಗಿದ್ದರೆ ಬಿಯರಿಗೆ ವಿನೆಗರ್ ಹುಳಿ ಬರುತ್ತದೆ. ಇಲ್ಲವೇ ಬೆಣ್ಣೆ ವಾಸನೆ, ಸಿನಿಮಾ ಥಿಯೇಟರ್ ಪಾಪ್‌ಕಾರ್ನ್‌ದು. ಬೆಣ್ಣೆ ವಾಸನೆಗೆ ಇನ್ನೊಂದು ಕಾರಣವೂ ಇದೆ. ಹುದುಗುವಾಗ ಡಯಾಸಿಟೈಲ್ ಅನ್ನುವ ವಸ್ತು ಹುಟ್ಟುತ್ತದೆ. ಇನ್ನೂ ಸ್ವಲ್ಪ ದಿನ ಬಿಟ್ಟರೆ ಈಸ್ಟೇ ಅದನ್ನು ತಿಂದು ಮುಗಿಸುತ್ತದೆ. ಅವಸರ ಮಾಡಿದರೆ ಗ್ಲಾಸಿಗೆ ಬರುತ್ತದೆ.

ಅವಸರ ಅಂದೆ. ಅದನ್ನು ಹಿಡಿಯಲು ನನ್ನ ಹತ್ತಿರ ಒಂದು ಉಪಾಯ ಇದೆ: ಲಾಗರ್ ಅಥವಾ ಅದರದೇ ಒಂದು ಬಗೆಯಾದ ಪಿಲ್ಸ್ನರ್ ಕೇಳುವುದು. ಗೋಧಿ ಬಿಯರ್, ಏಲ್ ಇವೆಲ್ಲ ಬೆಚ್ಚಗೆ ಹುದುಗಿ ಎರಡು ಮೂರು ವಾರದಲ್ಲಿ ತಯಾರಾಗುತ್ತವೆ. ಲಾಗರ್ ತಣ್ಣಗೆ ಹುದುಗಬೇಕು, ಆಮೇಲೂ ವಾರಗಟ್ಟಲೆ ತಣ್ಣಗೆ ಕೂರಬೇಕು. ಅಷ್ಟು ದಿನ ಒಂದು ಟ್ಯಾಂಕ್ ಸುಮ್ನೆ ತುಂಬಿಕೊಂಡಿರುತ್ತದೆ, ದುಡ್ಡು ದುಡಿಯುವುದಿಲ್ಲ. ಜೊತೆಗೆ ತಿಳಿ ಲಾಗರ್‌ನಲ್ಲಿ ಯಾವ ತಪ್ಪನ್ನೂ ಮುಚ್ಚಲು ಆಗುವುದಿಲ್ಲ. ಕಾಫಿ, ಮಾವು, ಕಿತ್ತಳೆ ಸಿಪ್ಪೆ ಹಾಕಿದ ಬಿಯರಿನಲ್ಲಿ ಎಷ್ಟು ಬೇಕಾದರೂ ಮುಚ್ಚಬಹುದು. ಹತ್ತು ತರದ ಹಣ್ಣಿನ ಬಿಯರ್ ಇಟ್ಟು ಒಂದೂ ಸಾದಾ ಲಾಗರ್ ಇಡದ ಜಾಗಕ್ಕೆ ನಾನು ಎರಡನೇ ಸಲ ಹೋಗುವುದಿಲ್ಲ. ಇದು ನನ್ನ ಹಟ, ನಿಮಗೆ ಮಾವಿನಹಣ್ಣಿನ ಬಿಯರ್ ಇಷ್ಟ ಇದ್ದರೆ ಕುಡಿಯಿರಿ.

ಅಂಥ ಒಂದು ಜಾಗಕ್ಕೆ ಅಳಿಯನೇ ಕರೆದುಕೊಂಡು ಹೋಗಿದ್ದ. ಹೆಸರು ಬೇಡ. ಲೈಟು ಚೆನ್ನಾಗಿತ್ತು, ಗೋಡೆ ತುಂಬ ಗಿಡ ಇತ್ತು, ಫೋಟೊ ತೆಗೆಯುವವರೇ ಜಾಸ್ತಿ. ಫ್ರೀಜರ್‌ನಲ್ಲಿಟ್ಟು ಬಿಳಿಯಾದ ಗ್ಲಾಸಿನಲ್ಲಿ ತಂದು ಕೊಟ್ಟರು. ಗ್ಲಾಸಿನ ಮಂಜು ಕರಗಿ ಬಿಯರಿನೊಳಗೇ ಸೇರುತ್ತದೆ, ನೊರೆ ಕೆಡುತ್ತದೆ, ವಾಸನೆ ಸತ್ತುಹೋಗುತ್ತದೆ. ಸ್ವಲ್ಪ ಬಿಸಿಯಾಗಲಿ ಅಂತ ಕಾದೆ. ವಿನೆಗರ್ ಬಂತು. "ಇದು ಯಾವಾಗ ಮಾಡಿದ್ದು?" ಅಂತ ಕೇಳಿದೆ. "ಸರ್, ಎಲ್ಲಾ ಫ್ರೆಶ್" ಅಂದ ಹುಡುಗ. ಪಾಪ, ಅವನಿಗೆ ಯಾರೂ ಹೇಳಿಕೊಟ್ಟಿಲ್ಲ.

ಅವತ್ತಿನಿಂದ ಪ್ರಶ್ನೆ ಬದಲಿಸಿದ್ದೇನೆ. ಫ್ರೆಶ್ ಇದೆಯಾ ಅಂತ ಕೇಳುವುದಿಲ್ಲ. ಇಲ್ಲ ಅಂತ ಯಾರು ಹೇಳುತ್ತಾರೆ? "ಈ ವಾರ ಯಾವುದು ಹೊಸದಾಗಿ ಟ್ಯಾಪ್‌ಗೆ ಬಂತು?" ಅಂತ ಕೇಳುತ್ತೇನೆ. ಇಲ್ಲದಿದ್ದರೆ "ಯಾವುದು ಬೇಗ ಖಾಲಿಯಾಗುತ್ತೆ?" ಉತ್ತರ ತಕ್ಷಣ ಬಂದರೆ ಆ ಜಾಗದಲ್ಲಿ ಯಾರೋ ಲೆಕ್ಕ ಇಟ್ಟಿದ್ದಾರೆ. ಮೆನು ನೋಡಿ ದುಬಾರಿಯದಕ್ಕೆ ಬೆರಳಿಟ್ಟರೆ ಒಂದು ಚಿಕ್ಕ ಗ್ಲಾಸ್ ಮುಗಿಸಿ ಎದ್ದುಬಿಡಿ.

ಎಂ.ಜಿ. ರೋಡ್ ಸ್ಟೇಷನ್‌ನಲ್ಲಿ ಇಳಿದು ನಡೆದರೆ ಮ್ಯಾಗ್ರತ್ ರೋಡಿನಲ್ಲಿ, ಗರುಡಾ ಮಾಲ್ ಎದುರು ಬದಿಗೆ, ಆರ್ಬರ್ ಬ್ರೂವಿಂಗ್ ಕಂಪನಿ. 2012ರದು. ಮೂಲ ಆರ್ಬರ್ ಶುರುವಾದದ್ದು ಅಮೆರಿಕದ ಮಿಷಿಗನ್‌ನಲ್ಲಿ, ಆ್ಯನ್ ಆರ್ಬರ್ ಅನ್ನುವ ಊರಲ್ಲಿ. ಇಲ್ಲಿ ನಾನು ಕಹಿಯದ್ದು ಕುಡಿಯುತ್ತೇನೆ, ರೇಜಿಂಗ್ ಎಲಿಫೆಂಟ್ ಅನ್ನುವ ಐಪಿಎ, ಅಂದರೆ ಇಂಡಿಯಾ ಪೇಲ್ ಏಲ್. ಮೊದಲ ಗುಟುಕಿಗೆ ಮುಖ ಕಿವುಚುತ್ತದೆ, ಮೂರನೆಯದಕ್ಕೆ ಕಿತ್ತಳೆ, ಪೈನ್ ವಾಸನೆ ತಿಳಿಯಲು ಶುರುವಾಗುತ್ತದೆ.

ಐಪಿಎ ಅಂದರೆ ನೀರಿನ ಮಾತು ಬಂದೇ ಬರುತ್ತದೆ. ಒಂದು ಬ್ರೂಪಬ್‌ನಲ್ಲಿ ಮಧ್ಯಾಹ್ನದ ಹೊತ್ತು ಬಿಯರ್ ಮಾಡುವವರೇ ಹೊರಗೆ ಬಂದು ನಿಂತಿದ್ದರು. ನನ್ನ ಕೆಲಸ ಏನು ಅಂತ ಹೇಳಿದೆ. ಆಮೇಲೆ ಬಿಯರ್ ಮಾತು ನಿಂತಿತು, ಟಿಡಿಎಸ್ (ನೀರಲ್ಲಿ ಕರಗಿರುವ ಲವಣದ ಲೆಕ್ಕ) ಮಾತು ಶುರುವಾಯಿತು. ಅಳಿಯ ಮೊಬೈಲ್ ತೆಗೆದ.

ಅವರು ಮೊದಲು ನೀರನ್ನು ಆರ್‌ಒಗೆ ಹಾಕಿ ಎಲ್ಲವನ್ನೂ ತೆಗೆಯುತ್ತಾರೆ. ಆಮೇಲೆ ಬೇಕಾದ ಉಪ್ಪನ್ನು ತೂಕ ಮಾಡಿ ವಾಪಸ್ ಹಾಕುತ್ತಾರೆ. ಜಿಪ್ಸಮ್ ಇಷ್ಟು, ಕ್ಯಾಲ್ಸಿಯಂ ಕ್ಲೋರೈಡ್ ಇಷ್ಟು. ಯಾಕೆಂದರೆ ಹಳೆ ಕಾಲದಲ್ಲಿ ಆಯಾ ಊರಿನ ನೀರಿಗೆ ತಕ್ಕ ಬಿಯರ್ ಹುಟ್ಟಿದ್ದು. ಇಂಗ್ಲೆಂಡಿನ ಬರ್ಟನ್ ಊರಿನ ನೀರಲ್ಲಿ ಜಿಪ್ಸಮ್ ಜಾಸ್ತಿ. ಅದು ಬಿಯರಿಗೆ ಕಹಿ ಕೊಡುವ ಹಾಪ್ಸ್ ಹೂವಿನ ಕಹಿಯನ್ನು ಎತ್ತಿ ತೋರಿಸುತ್ತದೆ. ಹತ್ತೊಂಬತ್ತನೇ ಶತಮಾನದಲ್ಲಿ ಇಲ್ಲಿನ ಸಾಹೇಬರಿಗೆ ಅಂತ ಹಡಗಿನಲ್ಲಿ ಬರುತ್ತಿದ್ದ ಪೇಲ್ ಏಲ್‌ಗೆ ಆ ಊರಿನ ಹೆಸರು ಕೂಡಿಕೊಂಡಿದ್ದು ಹಾಗೆ. ಚೆಕ್ ದೇಶದ ಪಿಲ್ಸೆನ್ ನೀರು ತುಂಬಾ ಮೆದು. 1842ರಲ್ಲಿ ಅಲ್ಲಿ ಹುಟ್ಟಿದ ತಿಳಿ ಲಾಗರ್ರೇ ಪಿಲ್ಸ್ನರ್. ಡಬ್ಲಿನ್ ನೀರಲ್ಲಿ ಸುಣ್ಣದ ಅಂಶ ಜಾಸ್ತಿ. ತಿಳಿ ಬಿಯರಿಗೆ ಅದು ಆಗಿಬರುವುದಿಲ್ಲ. ಆದರೆ ಚೆನ್ನಾಗಿ ಹುರಿದು ಕಪ್ಪಾದ ಬಾರ್ಲಿಗೆ ಒಂದಿಷ್ಟು ಹುಳಿ ಗುಣ ಇರುತ್ತದೆ, ಅದು ಸುಣ್ಣದ ಜೊತೆ ಸರಿಹೋಗುತ್ತದೆ. ಹಾಗಾಗಿ ಅಲ್ಲಿ ಸ್ಟೌಟ್ ಅನ್ನುವ ಕಪ್ಪು ಬಿಯರ್.

"ಹಂಗಾದ್ರ ನಮ್ಮ ಸೇಡಂ ನೀರಿಗೆ?" ಅಂದೆ.

"ಸ್ಟೌಟ್ ಮಾಡಿ ಸಾರ್, ಬೇರೆ ಯೋಚನೆನೇ ಬೇಡ" ಅಂದರು.

ಇಷ್ಟು ವರ್ಷ ಜನರ ಮನೆಯಲ್ಲಿ ಆ ಸುಣ್ಣವನ್ನು ಬೈದುಕೊಂಡು ಕೆರೆಯುತ್ತಿದ್ದೆ. ಅದಕ್ಕೂ ಒಂದು ಬೆಲೆ ಇದೆ ಅಂತ ಗೊತ್ತಾಗಿದ್ದು ಬೆಂಗಳೂರಲ್ಲಿ.

ಭಾನುವಾರ ವೈಟ್‌ಫೀಲ್ಡ್ ಕಡೆ. ಇಪಿಐಪಿ ಏರಿಯಾದಲ್ಲಿ ವಿಂಡ್‌ಮಿಲ್ಸ್ ಕ್ರಾಫ್ಟ್‌ವರ್ಕ್ಸ್ ಇದೆ, ಅದೂ 2012ರದು. ಗೋಡೆ ಎತ್ತರಕ್ಕೆ ಪುಸ್ತಕ, ಜಾಝ್ ಕಛೇರಿಗೆ ಬೇರೆಯೇ ವೇದಿಕೆ. ಜಾಝ್ ನನಗೆ ಹತ್ತಲಿಲ್ಲ. ದುಬಾರಿ. ಬಿಯರ್ ಚೊಕ್ಕ. ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಹೋದರೆ ಪ್ರಶಾಂತ.

ಹುಳಿ ಬಿಯರ್ ಮೊದಲ ಸಲ ಕುಡಿದಿದ್ದೂ ಇದೇ ಬೆಂಗಳೂರಲ್ಲಿ. ಗೋಜ಼ೆ ಅಂತ ಜರ್ಮನ್ ಬಗೆ. ಲ್ಯಾಕ್ಟಿಕ್ ಹುಳಿ, ಚೂರು ಉಪ್ಪು, ಕೊತ್ತಂಬರಿ ಬೀಜ. ನಾನೂ ಅಳಿಯನೂ ಒಂದೊಂದು ಗುಟುಕು ಕುಡಿದು ಒಬ್ಬರ ಮುಖ ಒಬ್ಬರು ನೋಡಿದೆವು. ಎಳ್ಳಮಾವಾಸ್ಯೆ ದಿನ ಹೊಲದಲ್ಲಿ ಚರಗ ಚೆಲ್ಲಿ, ಭಜ್ಜಿ ರೊಟ್ಟಿ ತಿಂದು, ಮೇಲೆ ಕುಡಿಯುವ ಜೋಳದ ಅಂಬಲಿಯೇ! ಪಕ್ಕದ ಟೇಬಲ್‌ನವರು ಒಂದು ಗುಟುಕಿಗೆ ವಾಪಸ್ ಕಳಿಸಿದರು. ನಾವು ಇನ್ನೊಂದು ತರಿಸಿದೆವು.

ಅಲ್ಲಿಂದ ಜೋಳದ ಬಿಯರ್ ತಲೆಗೆ ಹೊಕ್ಕಿದೆ. ಆಫ್ರಿಕಾದಲ್ಲಿ ಮೊದಲಿಂದಲೂ ಮಾಡುತ್ತಾರೆ. ನೈಜೀರಿಯಾ 1988ರಲ್ಲಿ ಬಾರ್ಲಿ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ಆಮದು ನಿಲ್ಲಿಸಿದಾಗ ಅಲ್ಲಿನ ದೊಡ್ಡ ಕಂಪನಿಗಳೂ ಜೋಳಕ್ಕೆ ಬಂದವು. ಕಷ್ಟ ಇಲ್ಲ ಅಂತಲ್ಲ. ಬಾರ್ಲಿಗೆ ಹೊಟ್ಟು ಇರುತ್ತದೆ, ಸೋಸುವಾಗ ಆ ಹೊಟ್ಟೇ ತಳದಲ್ಲಿ ಕೂತು ಫಿಲ್ಟರ್ ಆಗುತ್ತದೆ. ಬಡಿದು ತೂರಿದ ನಮ್ಮ ಜೋಳಕ್ಕೆ ಅಂಥ ಹೊಟ್ಟು ಇರುವುದಿಲ್ಲ. ಹಿಟ್ಟು ಹಿಟ್ಟಾಗಿ ಕಟ್ಟಿಕೊಂಡು ನೀರು ಇಳಿಯುವುದೇ ಇಲ್ಲ. ಫಿಲ್ಟರ್ ಸಮಸ್ಯೆ ಅಂದರೆ ನಾನಿದ್ದೇನೆ. ಯಾರಾದರೂ ಮಾಡುವುದಾದರೆ ಹೇಳಿ, ಬಿಳಿಜೋಳ ನಾನು ತರುತ್ತೇನೆ.

ದುಡ್ಡಿನ ವಿಷಯ. ಮೆನುವಿನಲ್ಲಿ ಕಾಣುವ ರೇಟಿನ ಮೇಲೆ ಟ್ಯಾಕ್ಸ್ ಬರುತ್ತದೆ, ಅದಕ್ಕೇನೂ ಮಾಡಲಾಗದು. ಸರ್ವಿಸ್ ಚಾರ್ಜ್ ಮಾತ್ರ ಕಡ್ಡಾಯ ಅಲ್ಲ. ಬಿಲ್ಲಿಗೆ ತಾವಾಗಿಯೇ ಸೇರಿಸಬಾರದು ಅಂತ 2022ರ ಜುಲೈನಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಹೇಳಿತು, 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಬೇಡ ಅಂದರೆ ತೆಗೆಯುತ್ತಾರೆ. ನಾನು ತೆಗೆಸಿ, ಟ್ಯಾಪ್ ಹುಡುಗನ ಕೈಗೆ ಸೀದಾ ಒಂದಿಷ್ಟು ಕೊಡುತ್ತೇನೆ. ಅಳಿಯನಿಗೆ ಇದು ನಾಚಿಕೆ. "ಬಿಡ್ರಿ ಮಾಮಾ, ಎಲ್ಲಾರೂ ನೋಡ್ಲಿಕತ್ತಾರ" ಅಂತಾನೆ. ನೋಡಲಿ.

ವಾಪಸ್ ಬರುವಾಗ ವಂದೇ ಭಾರತ್ ಬೇಡ. ಅದು ಮಧ್ಯಾಹ್ನವೇ ಹೊರಡುತ್ತದೆ, ಭಾನುವಾರ ಪೂರ್ತಿ ಹಾಳು. ರಾತ್ರಿ ಮೆಜೆಸ್ಟಿಕ್‌ನಿಂದ ಉದ್ಯಾನ್ ಎಕ್ಸ್‌ಪ್ರೆಸ್ ಹಿಡಿದರೆ ಬೆಳಿಗ್ಗೆ ಕಲಬುರಗಿ. ಅದೇ ನೇರಳೆ ಮೆಟ್ರೊ ಸ್ಟೇಷನ್‌ಗೇ ತಂದು ಬಿಡುತ್ತದೆ. ಆದರೆ ಕೊನೆಯ ಗ್ಲಾಸ್ ಮಧ್ಯಾಹ್ನ ಮೂರು ಗಂಟೆಯೊಳಗೆ ಮುಗಿಸಿ. ರೈಲ್ವೆ ಕಾಯ್ದೆಯ 145ನೇ ಸೆಕ್ಷನ್ ಪ್ರಕಾರ ಕುಡಿದ ಸ್ಥಿತಿಯಲ್ಲಿ ರೈಲಿನಲ್ಲೋ ಸ್ಟೇಷನ್‌ನಲ್ಲೋ ಸಿಕ್ಕರೆ ಇಳಿಸಬಹುದು, ಕೇಸ್ ಹಾಕಬಹುದು. ಮೇಲಿನ ಬರ್ತ್ ಬುಕ್ ಆಗಿದ್ದರಂತೂ ಇನ್ನೂ ಜೋಪಾನ.

ಮುಂದಿನ ಸಲ ಗೈಸ್ಟ್‌ಗೆ ಹೋಗಬೇಕು ಅಂತ ಇದೆ. ಹಳೆ ಮದ್ರಾಸ್ ರೋಡಿನಲ್ಲಿ, ಕೆ.ಆರ್. ಪುರ ದಾಟಿ, ಮರಗಳ ಕೆಳಗೆ ಕೂತು ಕುಡಿಯುವ ಜಾಗ. ಅಲ್ಲಿಗೆ ಮೆಟ್ರೊ ಇಲ್ಲ, ಹೋಗಿ ಬರಲು ಕ್ಯಾಬೇ ಗತಿ. ಅಳಿಯನಿಗೆ ಸಂಬಳ ಆದ ವಾರ ನೋಡಿ ಟಿಕೆಟ್ ತೆಗೆಸುತ್ತೇನೆ.